ಗುಂಪಿಗೆ ಸೇರದ ಗೆರೆ: ಕೆ.ಕೆ. ಹೆಬ್ಬಾರರ ಬಗ್ಗೆ

ಓದುಗರ ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು. ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಚಿತ್ರ ಬಿಡಿಸುವುದೆಂದರೆ ಅವಳಿಗೆ ಪ್ರಾಣ. ಶಾಲೆಯ ಪ್ರಾಜೆಕ್ಟಿಗೆ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರನ್ನು ಆರಿಸಿಕೊಂಡಿದ್ದಾಳೆ. ಆದರೆ ಭಾರತದ ಆಧುನಿಕ ಚಿತ್ರಕಲೆ ಎಂದು ಹುಡುಕಿದರೆ ಮುಂಬೈಯ ಪ್ರೋಗ್ರೆಸಿವ್ ಗುಂಪಿನ ಹೆಸರುಗಳೇ ಜಾಸ್ತಿ ಬರುತ್ತವೆ. ಹೆಬ್ಬಾರರು ಆ ಗುಂಪಿನವರಲ್ಲವಂತೆ. ಹಾಗಾದರೆ ಅವರನ್ನು ಆಧುನಿಕರು ಎನ್ನಬಹುದೇ? ಅವರನ್ನು ಯಾವ ಊರಿನವರೆಂದು ಬರೆಯಬೇಕು? ಕಾಸರಗೋಡಿನ ನಮಗೂ ಅವರಿಗೂ ಏನಾದರೂ ನಂಟು ಉಂಟಾ?

ಉತ್ತರ:

ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ನಾನು ಮೂವತ್ತು ವರ್ಷ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವನು. ಇಷ್ಟು ವರ್ಷದಲ್ಲಿ ತಾನಾಗಿಯೇ ಹೆಬ್ಬಾರರ ಹೆಸರು ಹೇಳಿದ ಮಕ್ಕಳು ಬೆರಳೆಣಿಕೆಯಷ್ಟು. ರವಿವರ್ಮ ಗೊತ್ತಿರುತ್ತದೆ, ಹುಸೇನರ ಹೆಸರು ಕೇಳಿರುತ್ತಾರೆ. ನೂರು ಕಿಲೋಮೀಟರ್ ಆಚೆ ಹುಟ್ಟಿದ ಹೆಬ್ಬಾರರು ಗೊತ್ತಿರುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮಗಳಿಗೆ ಬೇಕಾದಷ್ಟು ಅವಳು ತೆಗೆದುಕೊಳ್ಳಲಿ.

ಊರಿನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಎಂದು ಪೂರ್ತಿ ಹೆಸರು. ಮೊದಲ ‘ಕೆ’ ಅವರ ಊರು. ಉಡುಪಿ ಹತ್ತಿರ, ಮೂಡುಬೆಳ್ಳೆ ಕಡೆಯ ಹಳ್ಳಿ ಅದು. ಅಲ್ಲಿ ಅವರು 1911ರ ಜೂನ್ 15ರಂದು ಹುಟ್ಟಿದರು. ಆಗ ಉಡುಪಿ ಜಿಲ್ಲೆ ಅಂತ ಇರಲಿಲ್ಲ, ಕಾಸರಗೋಡು ಜಿಲ್ಲೆಯೂ ಇರಲಿಲ್ಲ. ಎರಡೂ ಕಡೆಯವರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಕಚೇರಿ ಕೆಲಸಕ್ಕೆ ಇಬ್ಬರೂ ಮಂಗಳೂರಿಗೇ ಹೋಗಬೇಕಾಗಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಹೆಬ್ಬಾರರಿಗೆ 45 ವರ್ಷ. ಅಷ್ಟರಲ್ಲಿ ಅವರು ದೇಶಕ್ಕೇ ಗೊತ್ತಿರುವ ಕಲಾವಿದರಾಗಿದ್ದರು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಹೆಬ್ಬಾರರು ಮುಂಬೈಯಲ್ಲಿ ತೀರಿಕೊಂಡ ಮರುವರ್ಷ. ಹಾಗಾಗಿ ‘ಉಡುಪಿ ಜಿಲ್ಲೆಯ ಕಲಾವಿದ’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಅವರು ಬದುಕಿದ್ದಷ್ಟು ದಿನ ಆ ಜಿಲ್ಲೆಯೇ ಇರಲಿಲ್ಲ ಎಂಬುದೂ ನಿಜ. ‘ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಬಾಳಿದ ಕಲಾವಿದ’ ಎಂದು ಮಗಳು ಬರೆಯಲಿ. ಹಾಗೆ ಬರೆದರೆ ನಮ್ಮ ಬದಿಯಡ್ಕವೂ ಆ ವಾಕ್ಯದೊಳಗೇ ಬಂತು, ಅಲ್ವಾ?

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಗಡಿ ಬಂದದ್ದು ಆಮೇಲೆ. ಹೆಬ್ಬಾರರು ಹುಡುಗನಾಗಿ ಕಂಡ ಜಗತ್ತು ನಮ್ಮದೂ ಹೌದು. ಮುರಕಲ್ಲಿನ ಗೋಡೆ, ಮಳೆಗೆ ಕಪ್ಪಾದ ಹಂಚು, ಗದ್ದೆ ಬದು, ರಾತ್ರಿಯಿಡೀ ಯಕ್ಷಗಾನದ ಆಟ, ದೀಪದ ಬೆಳಕಿನಲ್ಲಿ ಭೂತದ ಕೋಲ. ಅವರ ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಜೇಡಿಮಣ್ಣಿನ ಮುದ್ದೆ ಕೈಯೊಳಗೆ ಸೊಂಡಿಲಾಗುವುದನ್ನು ನೋಡುತ್ತಾ ಬೆಳೆದ ಮಗು ಅದು. ಚೌತಿಯ ಹಿಂದಿನ ವಾರ ಗಣಪತಿ ಮಾಡುವವರ ಮನೆಗೆ ಹೋಗಿ ಕೂತವರಿಗೆ ಇದು ಅರ್ಥವಾಗುತ್ತದೆ. ಕೈ ಅಲ್ಲಿ ಯೋಚಿಸುವುದಿಲ್ಲ. ಬೆರಳು ಹೊಟ್ಟೆಯ ಉಬ್ಬಿನ ಮೇಲೆ ಒಂದೇ ಸಲ ಜಾರುತ್ತದೆ. ನಿಂತು ನಿಂತು ಎಳೆದರೆ ಮಣ್ಣಿನಲ್ಲಿ ಗುರುತು ಉಳಿಯುತ್ತದೆ. ಹೆಬ್ಬಾರರ ಗೆರೆ ಶುರುವಾದದ್ದು ಅಲ್ಲಿಂದಲೇ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರು ದೊಡ್ಡ ಊರಿಗೆ ಹೋಗುವುದೆಂದರೆ ಎರಡು ದಾರಿ. ಸರಕಾರಿ ಕೆಲಸ, ಕಾಲೇಜು ಎಂದರೆ ಮದ್ರಾಸು. ಹೊಟ್ಟೆಪಾಡು ಎಂದರೆ ಬೊಂಬಾಯಿ. ಹೆಬ್ಬಾರರು ಬೊಂಬಾಯಿಗೆ ಹೋದರು. ಅಲ್ಲಿನ ಸರ್ ಜೆ.ಜೆ. ಕಲಾಶಾಲೆಯಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಮುಗಿಸಿದರು. 1940ರಿಂದ 1945ರ ತನಕ ಅಲ್ಲೇ ಪಾಠ ಮಾಡಿದರು. 1857ರಲ್ಲಿ ಶುರುವಾದ ಶಾಲೆ ಅದು. ಬ್ರಿಟಿಷರ ಪದ್ಧತಿಯ ತರಬೇತಿ. ಪ್ಲಾಸ್ಟರಿನ ಮೂರ್ತಿ ಇಟ್ಟುಕೊಂಡು ನೆರಳು ಬೆಳಕು ಅಭ್ಯಾಸ ಮಾಡುವುದು, ಮಾಡೆಲ್ ಎದುರು ಗಂಟೆಗಟ್ಟಲೆ ಕೂತು ಮೈಕಟ್ಟು ಬಿಡಿಸುವುದು. ಈ ತರಬೇತಿಯನ್ನು ಹಳಿಯುವುದು ಈಗ ರೂಢಿಯಾಗಿದೆ. ನಾನು ಹಳಿಯುವುದಿಲ್ಲ. ಮೂಳೆ ಎಲ್ಲಿ ತಿರುಗುತ್ತದೆ ಎಂದು ಗೊತ್ತಿಲ್ಲದವರಿಗೆ ಮೂರೇ ಗೆರೆಯಲ್ಲಿ ಕುಣಿಯುವ ಹೆಣ್ಣನ್ನು ಬಿಡಿಸಲು ಬರುವುದಿಲ್ಲ.

ಆದರೆ ಅಲ್ಲಿಗೇ ನಿಂತಿದ್ದರೆ ಹೆಬ್ಬಾರರು ಒಳ್ಳೆಯ ಡ್ರಾಯಿಂಗ್ ಮಾಸ್ತರಾಗಿ ಮುಗಿಯುತ್ತಿದ್ದರು. ಅವರನ್ನು ಅಲುಗಾಡಿಸಿದ್ದು ಒಬ್ಬ ಹೆಣ್ಣುಮಗಳ ಚಿತ್ರಗಳು. ಅಮೃತಾ ಶೇರ್‌ಗಿಲ್. ಹೆಬ್ಬಾರರಿಗಿಂತ ಎರಡು ವರ್ಷ ಚಿಕ್ಕವಳು. 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತು, 1934ರಲ್ಲಿ ಭಾರತಕ್ಕೆ ಬಂದವಳು. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಅವಳ ‘ಮೂವರು ಹುಡುಗಿಯರು’ ಚಿತ್ರಕ್ಕೆ ಚಿನ್ನದ ಪದಕ ಕೊಟ್ಟಿತು. ಅದೇ ವರ್ಷದ ಹೊತ್ತಿಗೆ ಅವಳು ದಕ್ಷಿಣಕ್ಕೆ ಪ್ರವಾಸ ಬಂದಳು. ಅಜಂತಾ ನೋಡಿದಳು, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳ ಎದುರು ಕೂತು ನಕಲು ಮಾಡಿಕೊಂಡಳು, ಕನ್ಯಾಕುಮಾರಿ ತನಕ ಹೋದಳು. ಆ ಪ್ರವಾಸದ ಫಲವಾಗಿ ಬಂದವೇ ಅವಳ ಹೆಸರಾಂತ ದಕ್ಷಿಣ ಭಾರತದ ಮೂರು ಚಿತ್ರಗಳು. ವಧುವಿನ ಶೃಂಗಾರ, ಬ್ರಹ್ಮಚಾರಿಗಳು, ಸಂತೆಗೆ ಹೊರಟ ಹಳ್ಳಿಯವರು. 1941ರಲ್ಲಿ, ಬರೀ 28 ವರ್ಷಕ್ಕೆ ತೀರಿಕೊಂಡಳು.

ಇಷ್ಟು ಏಕೆ ಹೇಳಿದೆ ಎಂದರೆ, ಹೆಬ್ಬಾರರು ಆ ಚಿತ್ರಗಳಲ್ಲಿ ಕಂಡದ್ದು ತನ್ನದೇ ಊರಿನ ಜನರನ್ನು. ಕಪ್ಪು ಮೈ, ಬಿಳಿ ಬಟ್ಟೆ, ಕೆಂಪು ನೆಲ. ಇದನ್ನೆಲ್ಲ ಎಣ್ಣೆಬಣ್ಣದಲ್ಲಿ ದೊಡ್ಡ ಚಪ್ಪಟೆ ಬಣ್ಣದ ತುಂಡುಗಳಾಗಿ ಹಾಕಬಹುದು, ನೆರಳು ಬೆಳಕಿನ ಸಣ್ಣಪುಟ್ಟ ಆಟ ಬಿಡಬಹುದು ಎಂದು ತೋರಿಸಿದವಳು ಅವಳು. ಅವಳ ಹಿಂದೆ ಫ್ರಾನ್ಸಿನ ಚಿತ್ರಕಾರ ಗೋಗ್ಯಾಂನ ಪ್ರಭಾವ ಇತ್ತು. ಹೆಬ್ಬಾರರು ಅವನನ್ನೂ ನೋಡಿದರು. ಜೊತೆಗೆ ಜೈನ ಹಸ್ತಪ್ರತಿಗಳ ಚಿತ್ರ, ರಜಪೂತ ಕಿರುಚಿತ್ರ, ಅಜಂತಾ. ನಲವತ್ತರ ದಶಕದಲ್ಲಿ ಅವರು ಕೇರಳಕ್ಕೆ ಬಂದು ಸುತ್ತಾಡಿ ಮಾಡಿದ ಚಿತ್ರಗಳ ಸಾಲೇ ಇದೆ. ಅವರ ಕೇರಳದ ಚಿತ್ರಗಳು ಎಂದೇ ಅವನ್ನು ಕರೆಯುತ್ತಾರೆ. ನಿಮ್ಮ ಕೊನೆಯ ಪ್ರಶ್ನೆಗೆ ಇದು ಇನ್ನೊಂದು ಉತ್ತರ. ತುಳುನಾಡಿನಲ್ಲಿ ಹುಟ್ಟಿದವನು, ಬೊಂಬಾಯಿಯಲ್ಲಿ ಕಲಿತವನು, ತನ್ನ ಬಣ್ಣ ಹುಡುಕಿಕೊಂಡು ವಾಪಸ್ ಬಂದದ್ದು ಈ ಕರಾವಳಿಗೇ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಹೊಸ ಮಳೆಗೆ ಒದ್ದೆಯಾದ ಮುರಕಲ್ಲಿನ ಕೆಂಪು ನೋಡಿದ್ದೀರಲ್ಲ? ಇಟ್ಟಿಗೆ ಕೆಂಪಲ್ಲ, ಕುಂಕುಮದ ಕೆಂಪೂ ಅಲ್ಲ, ಒಳಗೆ ಒಂದಿಷ್ಟು ಹಳದಿ, ಒಂದಿಷ್ಟು ಕಪ್ಪು ಸೇರಿರುತ್ತದೆ. ಅವರ ಆ ಕಾಲದ ಚಿತ್ರಗಳನ್ನು ನೋಡುವಾಗ ನನಗೆ ಆ ಕೆಂಪು ನೆನಪಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಪ್ರೋಗ್ರೆಸಿವ್ ಗುಂಪು.

1947ರಲ್ಲಿ ಬೊಂಬಾಯಿಯಲ್ಲಿ ಆರು ಜನ ಸೇರಿ ಈ ಗುಂಪು ಕಟ್ಟಿದರು. ಸೋಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ. ಹಳೆಯ ಅಕಾಡೆಮಿ ಶೈಲಿಯೂ ಬೇಡ, ಬಂಗಾಳದವರ ಹಳೆ ವೈಭವದ ನೆನಪೂ ಬೇಡ, ನಮ್ಮದೇ ಹೊಸ ದಾರಿ ಬೇಕು ಎಂದವರು. 1949ರಲ್ಲಿ ಮೊದಲ ಪ್ರದರ್ಶನ ಮಾಡಿದರು. ಅದೇ ವರ್ಷ ಸೋಜಾ ಲಂಡನ್ನಿಗೆ ಹೋದರು, ಮರುವರ್ಷ ರಝಾ ಪ್ಯಾರಿಸ್ಸಿಗೆ. ಐವತ್ತರ ದಶಕದ ನಡುವೆ ಗುಂಪು ಕರಗಿಯೇ ಹೋಯಿತು. ಹತ್ತು ವರ್ಷವೂ ಬಾಳಲಿಲ್ಲ. ಆದರೂ ಭಾರತದ ಆಧುನಿಕ ಕಲೆ ಎಂದರೆ ಅವರದೇ ಹೆಸರು ಮೊದಲು ಬರುತ್ತದೆ. ಅದಕ್ಕೆ ಅವರ ಪ್ರತಿಭೆ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆ ಕಾರಣವೂ ಇದೆ. ಇತಿಹಾಸ ಬರೆಯುವವರಿಗೆ ಗುಂಪು ಅನುಕೂಲ. ಹೆಸರು, ಹುಟ್ಟಿದ ವರ್ಷ, ಘೋಷಣೆ, ಮೊದಲ ಪ್ರದರ್ಶನ ಎಲ್ಲ ಸಿಗುತ್ತದೆ. ಒಂದು ಅಧ್ಯಾಯಕ್ಕೆ ಸರಿಯಾಗಿ ಹೊಂದುತ್ತದೆ. ಹರಾಜಿನವರಿಗೂ ಅದೇ ಅನುಕೂಲ. 2025ರ ಮಾರ್ಚಿನಲ್ಲಿ ಹುಸೇನರ ‘ಗ್ರಾಮಯಾತ್ರಾ’ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಇಂಥ ಸುದ್ದಿ ಬಂದಾಗೆಲ್ಲ ಆ ಆರು ಹೆಸರುಗಳು ಮತ್ತೆ ಓಡಾಡುತ್ತವೆ. ಒಬ್ಬೊಬ್ಬರೇ ನಡೆದವರು ಅಧ್ಯಾಯಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತಾರೆ. ನಿಮ್ಮ ಮಗಳಿಗೆ ಹೆಬ್ಬಾರರು ಸುಲಭಕ್ಕೆ ಸಿಗದಿದ್ದದ್ದು ಇದರಿಂದಲೇ.

ಹೆಬ್ಬಾರರು ಏಕೆ ಸೇರಲಿಲ್ಲ? ವಯಸ್ಸು ನೋಡಿ. 1947ರಲ್ಲಿ ಸೋಜಾಗೆ 23, ರಝಾಗೆ 25. ಹೆಬ್ಬಾರರಿಗೆ 36. ಸೋಜಾ ಜೆ.ಜೆ. ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗ. ಹೆಬ್ಬಾರರು ಅದೇ ಶಾಲೆಯಲ್ಲಿ ಐದು ವರ್ಷ ಪಾಠ ಮಾಡಿ ಮುಗಿಸಿದವರು. ಆ ಹುಡುಗರು ಯಾವುದರ ವಿರುದ್ಧ ಎದ್ದರೋ ಅದರಿಂದ ಹೆಬ್ಬಾರರು ತಮ್ಮದೇ ರೀತಿಯಲ್ಲಿ, ಸದ್ದಿಲ್ಲದೆ, ಆಗಲೇ ಈಚೆ ಬಂದಿದ್ದರು. ಹಾಗಾಗಿ ಅವರಿಗೆ ಹೊಸದಾಗಿ ಜಗಳ ಆಡಬೇಕಾದ ಅಗತ್ಯ ಕಾಣಲಿಲ್ಲ. ಇದು ನನ್ನ ಓದು.

ಆದರೆ ಒಬ್ಬಂಟಿಯಾಗಿ ನಡೆದವರು ಎಂದ ಕೂಡಲೇ ಬಾಗಿಲು ಹಾಕಿಕೊಂಡು ಕೂತವರು ಎಂದುಕೊಳ್ಳಬೇಡಿ. ಇಲ್ಲಿ ಒಂದು ಸಂಗತಿ ಇದೆ. ಮಗಳ ಪ್ರಾಜೆಕ್ಟಿನಲ್ಲಿ ಇದು ಇರಲೇಬೇಕು. ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿ ಹೆಸರು ಕೇಳಿರಬಹುದು. ಕಾಲಾಘೋಡಾದಲ್ಲಿದೆ. ದೇಶದ ಯಾವ ಮೂಲೆಯ ಕಲಾವಿದರಿಗೂ ಅಲ್ಲೊಂದು ಪ್ರದರ್ಶನ ಮಾಡಬೇಕೆಂಬ ಆಸೆ ಇರುತ್ತದೆ. ಅದನ್ನು ಕಟ್ಟಿಸಿಕೊಟ್ಟವರು ಸರ್ ಕಾವಸ್ಜಿ ಜಹಾಂಗೀರ್, 1952ರಲ್ಲಿ. ಕಟ್ಟಿಸಿ ಎಂದು ಅವರ ಬೆನ್ನು ಹತ್ತಿದ ಇಬ್ಬರಲ್ಲಿ ಒಬ್ಬರು ವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ಕೆ.ಕೆ. ಹೆಬ್ಬಾರ್. ಗುಂಪು ಕಟ್ಟದ ಮನುಷ್ಯ ಎಲ್ಲ ಗುಂಪಿನವರಿಗೂ ಒಂದು ಗೋಡೆ ಕಟ್ಟಿಸಿಕೊಟ್ಟರು. ಪ್ರೋಗ್ರೆಸಿವ್ ಗುಂಪಿನವರೂ ಅಲ್ಲಿ ಚಿತ್ರ ತೂಗುಹಾಕಿದರು, ಅವರನ್ನು ಬೈದವರೂ ತೂಗುಹಾಕಿದರು. ಇವತ್ತಿಗೂ ನಮ್ಮ ಕಡೆಯ ಯಾರಾದರೂ ಕಲಾವಿದರು ಚಿತ್ರಗಳ ಕಟ್ಟು ಹೊತ್ತುಕೊಂಡು ಕೊಂಕಣ ರೈಲಿನಲ್ಲಿ ಮುಂಬೈಗೆ ಹೊರಟರೆ, ಅವರು ಹೋಗಿ ಇಳಿಯುವ ಆ ಜಾಗದ ಹಿಂದೆ ಕಟ್ಟಿಂಗೇರಿಯ ಒಬ್ಬರ ಓಡಾಟ ಇದೆ.

ಇನ್ನು ‘ಆಧುನಿಕ’ ಎಂಬ ಮಾತು. ಹೊಸ ಕಾಲದ ವಿಷಯ ಬಿಡಿಸಿದರೆ ಆಧುನಿಕ ಎಂದು ಕೆಲವರು ತಿಳಿಯುತ್ತಾರೆ. ಅರ್ಥವಾಗದಿದ್ದರೆ ಆಧುನಿಕ ಎಂದು ಇನ್ನು ಕೆಲವರು. ಎರಡೂ ಅಲ್ಲ. ಕಲಿತ ಪದ್ಧತಿಯನ್ನು ಹಾಗೇ ಒಪ್ಪಿಸದೆ, ಇದು ನನ್ನ ಕಣ್ಣಿಗೆ ಹೀಗೆ ಕಂಡಿತು ಎಂದು ಹೇಳುವ ಧೈರ್ಯ, ಅದಕ್ಕೆ ತಕ್ಕ ಹೊಸ ಕೈಚಳಕ, ಎರಡೂ ಸೇರಿದರೆ ಆಧುನಿಕ. ಹೆಬ್ಬಾರರು ಇದನ್ನು ಒಂದು ಸಲ ಮಾಡಿ ಸುಮ್ಮನಾಗಲಿಲ್ಲ. ಐವತ್ತು ವರ್ಷಕ್ಕಿಂತ ಜಾಸ್ತಿ ಮತ್ತೆ ಮತ್ತೆ ಮಾಡಿದರು. 1949ರ ಹೊತ್ತಿಗೆ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯಾಂನಲ್ಲಿ ವಿದ್ಯಾರ್ಥಿಯಾಗಿ ಕೂತರು. ಯೋಚಿಸಿ, ತಾನೇ ಮಾಸ್ತರಾಗಿದ್ದವರು, 38ರ ವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ. ಆಮೇಲೆ ಅವರ ಚಿತ್ರಗಳು ಬದಲಾದವು. ಚಪ್ಪಟೆ ಬಣ್ಣ ಹೋಗಿ ದಪ್ಪ ಬಣ್ಣ ಬಂತು. ಕ್ಯಾನ್ವಾಸಿನ ಮೇಲೆ ಪದರ ಪದರವಾಗಿ ಹಚ್ಚಿ, ಒರೆಸಿ, ಕೆರೆದು, ಒಳಗಿನ ಬಣ್ಣ ಇಣುಕುವ ಹಾಗೆ ಮಾಡಿದರು. ಹಬ್ಬ, ಕೋಳಿ ಅಂಕ, ಕುಣಿತ, ಮೀನುಗಾರರು ಒಂದು ಕಡೆ. ಹಸಿವು, ಯುದ್ಧ, ಅಣುಸ್ಫೋಟ ಇನ್ನೊಂದು ಕಡೆ. ವೆನಿಸ್, ಸಾವೊ ಪಾಲೊ, ಟೋಕಿಯೊದ ದೊಡ್ಡ ಪ್ರದರ್ಶನಗಳಿಗೆ ಹೋದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. ಈ ಸಾಲುಗಳು ಮಗಳಿಗೆ ಎಲ್ಲ ಕಡೆ ಸಿಗುತ್ತವೆ, ಹಾಗಾಗಿ ಇಷ್ಟು ಸಾಕು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಅವರ ದೊಡ್ಡ ವಿಷಯದ ಕೆಲವು ಚಿತ್ರಗಳು ನನಗೆ ಅಷ್ಟಾಗಿ ಹಿಡಿಸಿಲ್ಲ. ಹಸಿವು, ಯುದ್ಧ ಎಂದು ಶೀರ್ಷಿಕೆ ಮೊದಲು ಓದಿ ಆಮೇಲೆ ಚಿತ್ರ ನೋಡಿದ ಹಾಗೆ ಆಗುತ್ತದೆ. ಮನಸ್ಸು ದೊಡ್ಡದು, ಅನುಮಾನವೇ ಇಲ್ಲ. ಆದರೆ ಅವರ ಕೈ ಪೂರ್ತಿ ಅರಳುವುದು ಮೈ ಅಲುಗಾಡುವ ಕಡೆ. ಕುಣಿಯುವವರು, ಬಾರಿಸುವವರು, ಹೊರೆ ಹೊತ್ತು ನಡೆಯುವವರು, ಎತ್ತು, ಹುಂಜ. ಅಲ್ಲಿ ಅವರನ್ನು ಮೀರಿಸಿದವರು ನಮ್ಮಲ್ಲಿ ಕಡಿಮೆ. ಮತ್ತು ಅದಕ್ಕೆ ಕಾರಣ ಅವರ ಗೆರೆ.

ಗೆರೆಯ ಬಗ್ಗೆ ಬರೆಯಲೆಂದೇ ನಾನು ಇಷ್ಟು ಹೊತ್ತು ಕಾಯುತ್ತಿದ್ದೆ.

ಹೆಬ್ಬಾರರು ಕಥಕ್ ಕಲಿತಿದ್ದರು ಎಂದರೆ ನಂಬುತ್ತೀರಾ? ಜೈಪುರ ಘರಾಣೆಯ ಪಂಡಿತ್ ಸುಂದರ್ ಪ್ರಸಾದರ ಹತ್ತಿರ ಎರಡು ವರ್ಷ ಹೆಜ್ಜೆ ಹಾಕಿದರು. ನರ್ತಕ ಆಗಬೇಕೆಂದಲ್ಲ. ತಾಳ ಮೈಯೊಳಗೆ ಹೇಗೆ ಓಡುತ್ತದೆ ಎಂದು ತಿಳಿಯಬೇಕಿತ್ತು. ಹೊರಗಿನಿಂದ ನೋಡಿ ಬಿಡಿಸಿದರೆ ಕೈ ಮೇಲೆತ್ತಿದ ಒಂದು ಭಂಗಿ ಸಿಗುತ್ತದೆ, ಅಷ್ಟೆ. ಕೈ ಮೇಲೆ ಹೋಗುವ ಮೊದಲು ಸೊಂಟ ಯಾವ ಕಡೆ ವಾಲಿತು, ತೂಕ ಯಾವ ಕಾಲಿಗೆ ಬಂತು ಎಂಬುದು ಕುಣಿದವರಿಗೆ ಮಾತ್ರ ಗೊತ್ತು. ಅವರ ರೇಖಾಚಿತ್ರಗಳಲ್ಲಿ ಆ ತೂಕ ಕಾಣುತ್ತದೆ. ಆ ರೇಖಾಚಿತ್ರಗಳ ಪುಸ್ತಕವೂ ಬಂತು. ‘ಹಾಡುವ ಗೆರೆ’ ಎಂಬ ಅರ್ಥದ ಇಂಗ್ಲಿಷ್ ಹೆಸರು ಅದಕ್ಕೆ. ತಮ್ಮ ಮಗಳಿಗೂ ಅವರು ರೇಖಾ ಎಂದೇ ಹೆಸರಿಟ್ಟರು. ರೇಖಾ ರಾವ್ ಕೂಡ ಹೆಸರು ಮಾಡಿದ ಚಿತ್ರಕಲಾವಿದೆ.

ಇಲ್ಲಿ ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಕಲಾಶಾಲೆಯಲ್ಲಿ ಓದುವಾಗ ಒಬ್ಬ ಮೇಷ್ಟ್ರು ತರಗತಿಯಲ್ಲಿ ಹೆಬ್ಬಾರರನ್ನು ಎರಡೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಚಂದದ ಗೆರೆ, ಅಲಂಕಾರದ ಕೆಲಸ, ಮುಂದಕ್ಕೆ ಹೋಗೋಣ. ನಾನೂ ಹಾಗೇ ನಂಬಿದೆ. ಪರೀಕ್ಷೆಯಲ್ಲೂ ಹಾಗೇ ಬರೆದೆ. ಆರೇಳು ವರ್ಷ ಕಳೆದು ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋದೆ. ಹೆಬ್ಬಾರರು ತಮ್ಮ ಹಲವು ಚಿತ್ರಗಳನ್ನು ಕರ್ನಾಟಕ ಸರಕಾರಕ್ಕೆ ಕೊಟ್ಟಿದ್ದಾರೆ. ಅವು ಇರುವುದು ಅಲ್ಲಿ. ಒಂದು ರೇಖಾಚಿತ್ರದ ಎದುರು ನಿಂತೆ. ಕುಣಿಯುವ ಒಂದು ಆಕೃತಿ. ದೂರದಿಂದ ಒಂದೇ ಎಳೆ ದಾರ ಹಾಕಿದ ಹಾಗಿತ್ತು. ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಹಿಮ್ಮಡಿಯ ಹತ್ತಿರ ಗೆರೆ ದಪ್ಪ, ಮಸಿ ಒತ್ತಿ ಕೂತಿದೆ. ಮೊಣಕಾಲು ದಾಟುವಾಗ ತೆಳ್ಳಗಾಗುತ್ತದೆ. ಸೊಂಟದಲ್ಲಿ ಒಂದು ತಿರುವು, ಅಲ್ಲಿ ಬ್ರಷ್ಷಿನ ಕೂದಲು ಸ್ವಲ್ಪ ಬಿಚ್ಚಿಕೊಂಡು ಒಣಗೆರೆ ಎದ್ದಿದೆ. ಮೊಣಕೈ ಇರಬೇಕಾದ ಕಡೆ ಗೆರೆಯೇ ಇಲ್ಲ. ಖಾಲಿ ಕಾಗದ. ಅರ್ಧ ಬೆರಳು ಆಚೆ ಮತ್ತೆ ಶುರುವಾಗಿ ಬೆರಳ ತುದಿಗೆ ಹೋಗಿ ನಿಂತಿದೆ. ಆ ಖಾಲಿ ಜಾಗದಲ್ಲೇ ಮೊಣಕೈ ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು.

ಅಲಂಕಾರದ ಗೆರೆಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿ ತಿಳಿಯಿತು. ಅಲಂಕಾರದ ಗೆರೆ ಎಲ್ಲ ಕಡೆ ಒಂದೇ ದಪ್ಪ, ಎಲ್ಲೂ ತಡೆಯುವುದಿಲ್ಲ, ಅದಕ್ಕೆ ತೂಕ ಇಲ್ಲ. ಈ ಗೆರೆ ನೆಲ ಮೆಟ್ಟುತ್ತದೆ, ಉಸಿರು ಎಳೆದುಕೊಳ್ಳುತ್ತದೆ, ಬಿಡುತ್ತದೆ. ನಮ್ಮ ಮದ್ದಳೆಗಾರರು ಹೇಳುವ ಹಾಗೆ, ಪೆಟ್ಟು ಎಷ್ಟು ಮುಖ್ಯವೋ ಪೆಟ್ಟಿನ ನಡುವೆ ಬಿಡುವ ಜಾಗ ಅಷ್ಟೇ ಮುಖ್ಯ. ಅವತ್ತು ಸಂಜೆ ತನಕ ಅಲ್ಲೇ ಇದ್ದೆ. ಪರೀಕ್ಷೆಯಲ್ಲಿ ಬರೆದ ಆ ಎರಡು ವಾಕ್ಯಕ್ಕೆ ಈಗಲೂ ನನಗೆ ಬೇಸರವಿದೆ.

ಅವರ ಪರಂಪರೆ ಏನು ಎಂದು ಮಗಳ ಪ್ರಾಜೆಕ್ಟಿನಲ್ಲಿ ಒಂದು ಭಾಗ ಇರಬೇಕಾಗುತ್ತದೆ. ಹೆಬ್ಬಾರ್ ಶೈಲಿ ಎಂಬ ಹೆಸರಿನಲ್ಲಿ ಶಾಲೆಯೊಂದು ಬೆಳೆಯಲಿಲ್ಲ. ತನ್ನ ಹಾಗೆ ಬಿಡಿಸಿ ಎಂದು ಅವರು ಯಾರನ್ನೂ ಸಾಲಾಗಿ ನಿಲ್ಲಿಸಲಿಲ್ಲ. ಆದರೂ ಕರಾವಳಿಯ ಚಿತ್ರಕಲೆಯಲ್ಲಿ ಅವರು ಇದ್ದಾರೆ. ಬಣ್ಣ ತುಂಬುವ ಮೊದಲು ಗೆರೆಯನ್ನು ನಂಬುವ ಅಭ್ಯಾಸ, ಕೋಲ, ಆಟ, ಕಂಬಳವನ್ನು ಪ್ರವಾಸಿಗರ ಪೋಸ್ಟರಿನ ಹಾಗೆ ಮಾಡದೆ ಒಳಗಿನ ಲಯ ಹಿಡಿಯುವ ಪ್ರಯತ್ನ, ಇವನ್ನು ಈಗಿನ ಹುಡುಗರ ಕೆಲಸದಲ್ಲೂ ನೋಡುತ್ತೇನೆ. ಹಲವರಿಗೆ ಇದು ಯಾರಿಂದ ಬಂತು ಎಂದು ಗೊತ್ತಿಲ್ಲ. ಇನ್ನೊಂದು, ನಮ್ಮಂಥ ಗಡಿಯವರಿಗೆ ಅವರು ಬಹಳ ಬೇಕಾದವರು. ಇಲ್ಲಿ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡುತ್ತಾರೆ. ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಎಲ್ಲಿ ಹೋದರೂ ನೀನು ಯಾವ ಕಡೆಯವನು ಎಂಬ ಪ್ರಶ್ನೆ. ಕೇರಳದ ಕಲಾ ಇತಿಹಾಸದಲ್ಲಿ ನಮ್ಮ ಕಾಸರಗೋಡು ಕೊನೆಯ ಪುಟ, ಕರ್ನಾಟಕದ್ದರಲ್ಲಿ ಪುಟವೇ ಇಲ್ಲದ ಹಾಗೆ. ಇಂಥ ಮಕ್ಕಳಿಗೆ ಹೆಬ್ಬಾರರನ್ನು ತೋರಿಸಬೇಕು. ತುಳುನಾಡು, ಕೇರಳ, ಬೊಂಬಾಯಿ, ಪ್ಯಾರಿಸ್, ಜೈನ ಹಸ್ತಪ್ರತಿ, ಜೈಪುರದ ಹೆಜ್ಜೆ ಎಲ್ಲವನ್ನೂ ಒಂದೇ ಕೈಯೊಳಗೆ ಇಟ್ಟುಕೊಂಡು, ಯಾವುದಕ್ಕೂ ಕ್ಷಮೆ ಕೇಳದೆ ಬದುಕಿದವರು ಅವರು.

ಪ್ರಾಜೆಕ್ಟಿಗೆ ಕೆಲವು ಸಲಹೆ ಕೊಡುತ್ತೇನೆ. ಬೆಂಗಳೂರಿಗೆ ಹೋಗುವ ಸಂದರ್ಭ ಬಂದರೆ ವೆಂಕಟಪ್ಪ ಗ್ಯಾಲರಿಗೆ ಕರೆದುಕೊಂಡು ಹೋಗಿ. ಹೋಗುವ ಮೊದಲು ತೆರೆದಿದೆಯಾ ಎಂದು ಫೋನ್ ಮಾಡಿ ಕೇಳಿ. ಚಿತ್ರವನ್ನು ಮೊಬೈಲಿನಲ್ಲಿ ನೋಡುವುದಕ್ಕೂ ಎದುರು ನಿಂತು ನೋಡುವುದಕ್ಕೂ ಅಜಗಜಾಂತರ. ಅವರ ದಪ್ಪ ಬಣ್ಣ ಮೊಬೈಲಿನಲ್ಲಿ ಮಂಕಾದ ಕಲೆಯ ಹಾಗೆ ಕಾಣುತ್ತದೆ, ಎದುರು ನಿಂತರೆ ಗೋಡೆಯ ಗಾರೆಯ ಹಾಗೆ ಕೈಗೆ ಸಿಗುವಂತಿರುತ್ತದೆ. ಕಟ್ಟಿಂಗೇರಿಗೂ ಒಮ್ಮೆ ಹೋಗಿಬರಬಹುದು. ಮಂಗಳೂರು ದಾಟಿ, ಉಡುಪಿಗೆ ಹೋಗುವ ಹೆದ್ದಾರಿಯಲ್ಲಿ ಕಟಪಾಡಿಯಿಂದ ಒಳಗೆ. ಅಲ್ಲಿನ ಗದ್ದೆ, ಕೆಂಪು ಮಣ್ಣು, ಮನೆಯ ಮಾಡು ನೋಡಿದರೆ ಮಗಳಿಗೆ ಬಹಳಷ್ಟು ತಾನಾಗಿಯೇ ಹೊಳೆಯುತ್ತದೆ.

ಅವರ ಚಿತ್ರವನ್ನು ನೋಡಿ ನಕಲು ಮಾಡಿ ಫೈಲಿಗೆ ಅಂಟಿಸುವುದು ಬೇಡ. ಅದಕ್ಕಿಂತ ಒಂದು ಕೆಲಸ ಮಾಡಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮ ಪಕ್ಕದಲ್ಲೇ ಇದೆ. ದೀಪಾವಳಿ ಕಳೆದು ಮೇಳಗಳು ಹೊರಟ ಮೇಲೆ ಹತ್ತಿರದಲ್ಲಿ ಎಲ್ಲಾದರೂ ಆಟ ಇದ್ದೇ ಇರುತ್ತದೆ. ಒಂದು ರಾತ್ರಿ ಅವಳನ್ನು ಕರೆದುಕೊಂಡು ಹೋಗಿ, ಹಿಮ್ಮೇಳ ಚೆನ್ನಾಗಿ ಕಾಣುವ ಕಡೆ ಕೂರಿಸಿ. ರಬ್ಬರ್ ಮನೆಯಲ್ಲೇ ಬಿಟ್ಟುಬರಲಿ. ಒಂದು ಬ್ರಷ್ ಪೆನ್ನು, ಅಗ್ಗದ ಕಾಗದ ಇಪ್ಪತ್ತು ಹಾಳೆ. ಮದ್ದಳೆಗಾರರನ್ನು ಮಾತ್ರ ನೋಡಲಿ. ಮುಖ ಬೇಡ, ಶಾಲಿನ ಅಂಚು ಬೇಡ. ಬಲಗೈ ಏಳುವಾಗ ಹೆಗಲು ಎಲ್ಲಿಗೆ ಹೋಗುತ್ತದೆ, ಅಷ್ಟೇ. ಒಂದೇ ಉಸಿರಿನಲ್ಲಿ ಎಳೆಯಲಿ, ತಪ್ಪಾದರೆ ಹಾಳೆ ಬದಲಿಸಲಿ. ಮೊದಲ ಹತ್ತು ಹಾಳೆ ಹಾಳಾಗುತ್ತವೆ, ಬೇಸರ ಮಾಡಬೇಡ ಎಂದು ಹೇಳಿ. ನಡುರಾತ್ರಿ ಕಳೆದು, ಭಾಗವತರ ಏರುಪದ್ಯಕ್ಕೆ ಚೆಂಡೆ ಸೇರಿಕೊಂಡ ಹೊತ್ತಿಗೆ ಒಂದು ಹಾಳೆಯಲ್ಲಿ ಗೆರೆ ತಾನಾಗಿ ದಪ್ಪವಾಗಿ, ತೆಳ್ಳಗಾಗಿ, ಎಲ್ಲೋ ಒಂದು ಕಡೆ ಬಿಟ್ಟುಹೋಗಿರುತ್ತದೆ. ಆ ಹಾಳೆಯನ್ನು ಪ್ರಾಜೆಕ್ಟಿನ ಮೊದಲ ಪುಟಕ್ಕೆ ಹಾಕಲಿ. ನನಗೂ ಒಂದು ಪ್ರತಿ ಕಳಿಸಿ.